ಫರಸಿ ತೆಗೀಬೇಕೋ, ಬಿಡಬೇಕೋ?

ಹೋದ ಮಾರ್ಚ್‌ನಲ್ಲಿ ಕಲಬುರಗಿಯ ನಮ್ಮ ಮನೆ ರಿಪೇರಿ ಶುರುವಾದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ರೆಡಿ ಇತ್ತು. ಯಾವ ಕೋಣೆಗೆ ಯಾವ ಟೈಲ್ಸ್, ಎಷ್ಟು ಚದರಡಿ, ಎಷ್ಟು ಬಾಕ್ಸ್, ಒಡೆಯೋದಕ್ಕೆ ಅಂತ ಶೇ 10 ಸೇರಿಸಿ ಎಷ್ಟು ಹಣ, ಎಲ್ಲಾ. ಬೆಂಗಳೂರಿನಲ್ಲಿ ಕೂತು ಎರಡು ವೀಕೆಂಡ್ ಮಾಡಿದ ಕೆಲಸ ಅದು. ಪಡಸಾಲೆಯ ಸಾಲಿನಲ್ಲಿ ‘4 ಅಡಿ ಉದ್ದ 2 ಅಡಿ ಅಗಲ, ಗ್ಲಾಸಿ ವಿಟ್ರಿಫೈಡ್’ ಅಂತ ಬರೆದು ಹಸಿರು ಬಣ್ಣ ಹಚ್ಚಿದ್ದೆ. ಊರಿಗೆ ಬಂದವಳೇ ಗೌಂಡಿ ಕಾಕಾಗೆ ತೋರಿಸಿದೆ. ಅವರು ಶೀಟ್ ನೋಡಲಿಲ್ಲ. ಗೋಡೆ ಹಿಡಿದುಕೊಂಡು ಅಡಿಗೆಮನೆಯಿಂದ ಬರುತ್ತಿದ್ದ ಅಪ್ಪನನ್ನು ನೋಡುತ್ತಿದ್ದರು.

“ಟೈಲ್ಸ್ ಹಾಕೋದೇನು ದೊಡ್ಡ ಮಾತಲ್ಲವ್ವಾ. ಈ ಮನ್ಯಾಗ ಯಾರ್ ನಡೀತಾರ, ಯಾವ ಹೊತ್ತಿನ್ಯಾಗ ನಡೀತಾರ, ಅದು ಬರ್ದೀಯೇನು ಇದರಾಗ?”

ಬರೆದಿರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆದಿತ್ತು. ಮಾತು ಪೂರ್ತಿ ವಾಪಸ್ ಬಂತು, ಕೈ ಮುಕ್ಕಾಲು ಬಂತು, ಬಲಗಾಲು ಮಾತ್ರ ಎಳೆದುಕೊಂಡೇ ನಡೆಯುತ್ತಾರೆ. ನಮ್ಮ ಪಡಸಾಲೆಯಲ್ಲಿ ಅಡಿಗೆಮನೆ ಬಾಗಿಲಿನ ಹತ್ತಿರ ಒಂದು ಕಲ್ಲು ಕಾಲಿಂಚು ಮೇಲೆದ್ದಿದೆ. ಅಪ್ಪನ ಹೆಬ್ಬೆರಳು ಅಲ್ಲೇ ತಾಕುವುದು. ರಿಪೇರಿ ಶುರುವಾಗಿದ್ದೇ ಆ ಕಲ್ಲಿನಿಂದ ಅಂತ ಹೇಳಬಹುದು. ಜನವರಿಯಲ್ಲಿ ಅಲ್ಲೇ ಮುಗ್ಗರಿಸಿ ಬಿದ್ದು, ಮೊಣಕೈ ಊದಿಸಿಕೊಂಡು, ನನಗೆ ಫೋನಿನಲ್ಲಿ ಹೇಳದೆ ಮುಚ್ಚಿಟ್ಟಿದ್ದರು.

ನಮ್ಮದು ಶರಣಬಸವೇಶ್ವರ ಗುಡಿ ಕಡೆಯ ಹಳೇ ಮನೆ. ನೆಲ ಪೂರ್ತಿ ಶಹಾಬಾದ್ ಕಲ್ಲು. ನಮ್ಮ ಕಡೆ ಅದಕ್ಕೆ ಫರಸಿ ಅಂತಾರೆ. ಬೂದಿ ಬಣ್ಣ, ಅಲ್ಲಲ್ಲಿ ಸ್ವಲ್ಪ ಹಳದಿ, ಕೈಯಲ್ಲಿ ಕಡಿದ ಅಂಚು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಅವ್ವ ಒಂದು ಬಕೆಟ್ ನೀರು ಹೊಡೆದು ಒರೆಸಿದರೆ ಸಾಕು, ಅಪ್ಪ ಚಾಪೆಯೂ ಇಲ್ಲದೆ ಅದರ ಮೇಲೆ ಮಲಗಿಬಿಡುತ್ತಾರೆ. ಬೆಂಗಳೂರಿನ ನನ್ನ ಫ್ರೆಂಡ್ಸ್ ಈ ನೆಲದ ಫೋಟೋ ನೋಡಿ “ತೆಗೀಬೇಡ ಕಣೇ, ಎಷ್ಟು ವಿಂಟೇಜ್” ಅಂದಿದ್ದರು. ಅದನ್ನು ಅವ್ವನಿಗೆ ಹೇಳಿದಾಗ ಬಂದ ಉತ್ತರ ಇದು:

“ನಲವತ್ ವರ್ಷ ಆತು ಈ ಸಂದಿ ತಿಕ್ಕಿ ತಿಕ್ಕಿ. ಛಂದ ಅದ ಅಂತ ನೋಡೋರು ನೀವು, ತಿಕ್ಕಾಕಿ ನಾನು.”

ಅಪ್ಪನದು ಬೇರೆ ವಾದ. “ಫರಸಿ ತೆಗದ್ರ ಬ್ಯಾಸಿಗ್ಯಾಗ ನಾ ಎಲ್ಲಿ ಮಲಗ್ಲಿ?”

ಇಬ್ಬರ ನಡುವೆ ಸಿಕ್ಕಿಬಿದ್ದ ನನಗೆ ದಾರಿ ತೋರಿಸಿದ್ದು ಗೌಂಡಿ ಕಾಕಾನೇ. ಹಳೇ ಕಲ್ಲು ಎಬ್ಬಿಸಿ, ಮಷಿನ್‌ನಲ್ಲಿ ಅಂಚು ಕೊಯ್ದು, ಮತ್ತೆ ಸಮವಾಗಿ ಕೂರಿಸಬಹುದು. ಎಬ್ಬಿಸುವಾಗ ಒಂದಿಷ್ಟು ಒಡೀತಾವ, ಅದಕ್ಕೆ ಹೊಸಾವು ಬೇಕು, ಒಂದ್ಸಲ ಶಹಾಬಾದಿಗೆ ಹೋಗಿ ನೋಡಿ ಬಾ ಅಂದರು. ಭಾನುವಾರ ಕಾರು ತೆಗೆದೆ. ಅಪ್ಪನೂ ಬರ್ತೀನಿ ಅಂತ ಹಟ ಹಿಡಿದರು. ಅವರು ಹುಟ್ಟಿದ್ದು ಶಹಾಬಾದ್ ಹತ್ತಿರದ ಹಳ್ಳಿಯಲ್ಲಿ. ಆ ಕಲ್ಲಿನ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಗೊತ್ತು ಅಂತ ಅವರ ಭಾವನೆ. ಅದು ನಿಜವೂ ಹೌದು.

ಕಲಬುರಗಿ ಬಿಟ್ಟು ಆ ಕಡೆ ಹೋಗುತ್ತಿದ್ದಂತೆ ರಸ್ತೆ ಪಕ್ಕದಲ್ಲಿ ಕಲ್ಲೇ ಕಲ್ಲು. ಹೊಲಕ್ಕೆ ಬೇಲಿ ಅಂದರೆ ನೆಟ್ಟಗೆ ಹೂತ ಫರಸಿ. ದನದ ಕೊಟ್ಟಿಗೆಗೆ ಗೋಡೆ ಫರಸಿ, ಎಷ್ಟೋ ಮನೆಗಳಿಗೆ ಮಾಳಿಗೆಯ ಮೇಲೂ ಫರಸಿ. ಪಾತ್ರೆ ಇಡುವ ಕಟ್ಟೆ, ಚಹಾ ಅಂಗಡಿಯ ಬೆಂಚು ಎಲ್ಲ ಅದೇ. ನೀವು ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಈ ಕಲ್ಲಿನ ಮೇಲೆ ಎಷ್ಟೋ ಸಲ ನಡೆದಿರುತ್ತೀರಿ, ಹೆಸರು ಗೊತ್ತಿಲ್ಲದೆ ಇರಬಹುದು. ಮುಂದೆ ವಾಡಿ ಜಂಕ್ಷನ್, ಅಲ್ಲಿ ಸಿಮೆಂಟ್ ಫ್ಯಾಕ್ಟರಿ. ಸಿಮೆಂಟಿಗೆ ಹೋಗುವುದೂ ಇದೇ ಸುಣ್ಣದಕಲ್ಲೇ. ನಾವು ನೆಲಕ್ಕೆ ಏನೇ ಹಾಸಿದರೂ ಅದರ ಕೆಳಗೆ ಕೂರುವ ಸಿಮೆಂಟ್ ಈ ಮಣ್ಣಿನದೇ ಆಗಿರಬಹುದು.

ಅಪ್ಪನ ಪರಿಚಯದವರೊಬ್ಬರು ಗಣಿಯೊಂದರ ಅಂಚಿನವರೆಗೆ ಕರೆದುಕೊಂಡು ಹೋದರು. ನನ್ನ ತಲೆಯಲ್ಲಿದ್ದದ್ದು ಗ್ರಾನೈಟ್ ಗಣಿಯ ಚಿತ್ರ, ದೊಡ್ಡ ದೊಡ್ಡ ಬಂಡೆ, ಕ್ರೇನು. ಇಲ್ಲಿ ಹಾಗಿಲ್ಲ. ಕಲ್ಲು ಪದರ ಪದರವಾಗಿ, ಕಟಕ್ ರೊಟ್ಟಿ ಒಟ್ಟಿಟ್ಟ ಹಾಗೆ ಮಲಗಿದೆ. ಕೋಟ್ಯಂತರ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದ ಸುಣ್ಣದ ಕೆಸರು ಪದರವಾಗಿ ಗಟ್ಟಿಯಾಗಿ ಈ ಕಲ್ಲಾಯಿತು. ಹಾಗಾಗಿ ಪದರದ ಸಂದಿಗೆ ಹಾರಿ ಹಾಕಿ ಮೀಟಿದರೆ ಹಾಸುಗಲ್ಲು ಹಾಗೇ ಎದ್ದು ಬರುತ್ತದೆ, ಮೇಲ್ಮೈ ಆಗಲೇ ಹೆಚ್ಚುಕಡಿಮೆ ಚಪ್ಪಟೆ. ಒಬ್ಬರು ಮೀಟುತ್ತಿದ್ದರು, ಇನ್ನಿಬ್ಬರು ಹೊರುತ್ತಿದ್ದರು. ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಟವೆಲ್. ಫರಸಿ ಟೈಲ್ಸ್‌ಗಿಂತ ಅಗ್ಗ ಅಂತ ನಾವು ಹೇಳುತ್ತೇವಲ್ಲ, ಅದು ಯಾಕೆ ಅಗ್ಗ ಅಂತ ಅಲ್ಲಿ ನಿಂತಾಗ ಗೊತ್ತಾಗುತ್ತದೆ. ಪಕ್ಕದಲ್ಲಿ ಕೆಲಸ ಮುಗಿದ ಹಳೇ ಗಣಿಯಲ್ಲಿ ಹಸಿರು ನೀರು ನಿಂತಿತ್ತು. ಬೇಲಿ ಇರಲಿಲ್ಲ.

ಅಲ್ಲಿಂದ ಪಾಲಿಶ್ ಮಾಡುವ ಯಾರ್ಡಿಗೆ ಬಂದೆವು. ಕಲ್ಲುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿದ್ದರು. ಪಾಲಿಶ್ ಆದ ಫರಸಿ ನೋಡಿ ನನಗೆ ಆಶ್ಚರ್ಯ. ಕಡು ಬೂದಿ, ಹೊಳಪು, ಒಳ್ಳೇ ಹೋಟೆಲ್ ಲಾಬಿ ಥರ. ಇದನ್ನೇ ಅಡಿಗೆಮನೆಗೂ ಹಾಕೋಣ ಅಂತ ನಾನು ಹಾರಾಡುವಾಗ ಯಾರ್ಡಿನವರು ತಮ್ಮ ಊಟದ ಡಬ್ಬಿಯಲ್ಲಿದ್ದ ನಿಂಬೆ ಹೋಳನ್ನು ತೆಗೆದು ಕಲ್ಲಿನ ಮೇಲೆ ಹಿಂಡಿದರು. “ನೋಡ್ರಿ ಮೇಡಂ.” ಸಣ್ಣ ಸಣ್ಣ ಗುಳ್ಳೆ ಬಂದವು. ಐದು ನಿಮಿಷ ಬಿಟ್ಟು ಒರೆಸಿದರೆ ಅಷ್ಟು ಜಾಗದಲ್ಲಿ ಹೊಳಪೇ ಇಲ್ಲ. ಪಿಯುಸಿ ಕೆಮಿಸ್ಟ್ರಿ ನೆನಪಾಯಿತು. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಬಿದ್ದರೆ ಕರಗಲೇಬೇಕು. ಸೀಲರ್ ಹೊಡೆದರೆ ಎಣ್ಣೆ ಅರಿಶಿನದ ಕಲೆ ಇಳಿಯುವುದು ಕಡಿಮೆಯಾಗುತ್ತದೆ, ಆದರೆ ಹುಣಸೆಹುಳಿಯ ಮುಂದೆ ಸೀಲರೂ ನಡೆಯೋದಿಲ್ಲ. ಬಚ್ಚಲಿಗೆ ಆ್ಯಸಿಡ್ ಹಾಕಿ ತೊಳೆಯುವ ಅಭ್ಯಾಸ ಇರುವವರಂತೂ ಈ ಕಲ್ಲನ್ನು ಅಲ್ಲಿ ಹಾಕಲೇಬಾರದು. ತನಗೆ ಮಾರಾಟವಾಗುವ ಮಾಲನ್ನೇ ಬೇಡ ಅಂತ ಹೇಳಿದ ಆ ಮನುಷ್ಯನ ಹತ್ತಿರವೇ ಉಳಿದ ಕಲ್ಲು ಕೊಂಡೆ.

ಮಧ್ಯಾಹ್ನ ಅಪ್ಪ, ಇಷ್ಟು ದೂರ ಬಂದ ಮ್ಯಾಲೆ ಸನ್ನತಿಗೆ ಹೋಗಿ ಚಂದ್ರಲಾಂಬಾ ದರ್ಶನ ಮಾಡಿ ಬರೋಣ ಅಂದರು. ಚಿತ್ತಾಪುರ ತಾಲೂಕಿನಲ್ಲಿ ಭೀಮಾ ದಂಡೆಯ ಊರು. ಗೊತ್ತಿಲ್ಲದವರಿಗೆ ಒಂದು ಮಾತು: 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿ ಇಟ್ಟಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಇದ್ದದ್ದು ಪತ್ತೆಯಾಯಿತು. ಯಾರೋ ಯಾವ ಕಾಲದಲ್ಲೋ ಒಳ್ಳೇ ಹಾಸುಗಲ್ಲು ಸಿಕ್ಕಿತು ಅಂತ ಎತ್ತಿ ಕೂರಿಸಿದ್ದಾರೆ, ಅಷ್ಟೇ. ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು ಬರೆದಿರುವ, ರಾಣಿಯರ ಜೊತೆಗಿರುವ ಅವನ ಶಿಲ್ಪ ಸಿಕ್ಕಿದ್ದು ಅಲ್ಲೇ. ಅದನ್ನು ಕೆತ್ತಿದ್ದೂ ಸುಣ್ಣದಕಲ್ಲಿನಲ್ಲಿ. ಅಪ್ಪ ಅದನ್ನು ಕೇಳಿ, “ಹಂಗಾದ್ರ ನಮ್ಮ ಮನಿ ನೆಲಾ ಏನ್ ಕಡಿಮಿ ಅಲ್ಲ” ಅಂತ ಅವ್ವನಿಗೆ ಅಲ್ಲಿಂದಲೇ ಫೋನ್ ಮಾಡಿದರು. “ಅಶೋಕ ಬಂದು ಸಂದಿ ತಿಕ್ಕತಾನೇನು?” ಅಂತ ಅವ್ವ ಕೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ಆದರೆ ಸನ್ನತಿಯಲ್ಲಿ ನಾನು ಹೆಚ್ಚು ನೋಡಿದ್ದು ಶಾಸನವನ್ನಲ್ಲ, ಅಪ್ಪನ ಕಾಲನ್ನು. ಕಲ್ಲುಮಣ್ಣಿನ ಒರಟು ದಾರಿಯಲ್ಲಿ ಕೋಲು ಊರಿಕೊಂಡು, ಕಾಲನ್ನು ಎತ್ತಿ ಎತ್ತಿ, ನಿಧಾನಕ್ಕೆ ಸರಿಯಾಗೇ ನಡೆದರು. ಮುಗ್ಗರಿಸಿದ್ದು ಎರಡೇ ಸಲ, ಎರಡೂ ಸಲ ನೆಲ ಸಪಾಟಾಗಿ ಕಾಣುವ ಕಡೆ. ಸಪಾಟು ಅಂತ ನಂಬಿ ಕಾಲು ಎಳೆದಾಗ ಅರ್ಧ ಇಂಚಿನ ಏರು ತಾಕಿತ್ತು. ಗುಡಿ ಹತ್ತಿರ ಕಾಲು ತೊಳೆಯುವಲ್ಲಿ, ಸವೆದು ನುಣುಪಾದ ಒದ್ದೆ ಕಲ್ಲಿನ ಮೇಲೆ, ಅಪ್ಪ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರು ಅಂದರೆ ಬಳೆ ಒತ್ತಿ ಗುರುತಾಯಿತು. ಏನೂ ಮಾತಾಡಲಿಲ್ಲ. ಆ ರಾತ್ರಿ ಎಕ್ಸೆಲ್ ಶೀಟ್ ಅಳಿಸಿ ಹೊಸದು ಮಾಡಿದೆ. ಮೊದಲ ಕಾಲಮ್ಮು, ‘ಒದ್ದೆಯೋ, ಒಣಗಿದ್ದೋ’. ಎರಡನೇದು, ‘ಪಕ್ಕದ ಕೋಣೆಗೂ ಇದಕ್ಕೂ ಲೆವೆಲ್ ಎಷ್ಟು’. ಬಣ್ಣ ಕೊನೆಗೆ ಹೋಯಿತು.

ಪಡಸಾಲೆ ಮತ್ತು ಅಪ್ಪ ಅವ್ವನ ಕೋಣೆ ಎರಡಕ್ಕೂ ಹಳೇ ಫರಸಿಯೇ ವಾಪಸ್. ನಡುವಿನ ಹೊಸ್ತಿಲು ತೆಗೆಸಿ ಒಂದೇ ಲೆವೆಲ್ ಮಾಡಿಸಿದೆ. ಅಂಚನ್ನು ಮಷಿನ್‌ನಲ್ಲಿ ನೇರ ಕೊಯ್ದರೆ ಸಂದಿ ಬೆರಳಿನಷ್ಟು ಅಗಲ ಇದ್ದದ್ದು 2 ಮಿಲಿಮೀಟರಿಗೆ ಬರುತ್ತದೆ, ಅವ್ವನ ತಿಕ್ಕುವ ಕೆಲಸ ಅಲ್ಲಿಗೆ ಮುಕ್ಕಾಲು ಕಡಿಮೆ. ಆದರೆ ನಾಲ್ಕೂ ಕಡೆ ಕೊಯ್ದರೆ ಕಲ್ಲು ಚಿಕ್ಕದಾಗುತ್ತದಲ್ಲ, ನೆಲ ಕಮ್ಮಿ ಬೀಳುತ್ತದೆ! ಇಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲ, ಗೌಂಡಿ ಕಾಕಾ ಹೊಸ ಕಲ್ಲನ್ನು ನನ್ನ ಲೆಕ್ಕಕ್ಕಿಂತ ಜಾಸ್ತಿ ತರಿಸಿದ್ದು ಅದಕ್ಕೇ. ಹೊಸದರ ಬಣ್ಣ ಹಳೆಯದಕ್ಕೆ ಹೊಂದೋದಿಲ್ಲ, ಸ್ವಲ್ಪ ನೀಲಿ. ಹಾಗಾಗಿ ಅವನ್ನೆಲ್ಲ ಗೋಡೆಗುಂಟ ಬಾರ್ಡರ್ ಮಾಡಿ ಹಾಕಿದರು. ಈಗ ಬಂದವರೆಲ್ಲ ಅದನ್ನು ಡಿಸೈನ್ ಅಂದುಕೊಂಡಿದ್ದಾರೆ.

ಪಾಲಿಶ್ ಮಾಡಿಸುವಾಗ ದೊಡ್ಡ ಜಗಳ. ಮೂರು ದಿನ ಮಷಿನ್ ಸದ್ದು, ಮನೆ ತುಂಬಾ ಸುಣ್ಣದ ರಾಡಿ, ಅದರ ನಡುವೆ ನನ್ನ ಆಫೀಸ್ ಕಾಲ್. ಕಲ್ಲು ಹಂತಹಂತವಾಗಿ ನುಣುಪಾಗುತ್ತಾ ಹೋಗುತ್ತದೆ, ಕೊನೆಯ ಹಂತದಲ್ಲಿ ಮುಖ ಕಾಣುವ ಹೊಳಪು. ಪಾಲಿಶ್‌ನವನಿಗೂ ಅವ್ವನಿಗೂ ಅದೇ ಬೇಕು. ನಾನು ನಡುವಿನ ಹಂತಕ್ಕೇ ನಿಲ್ಲಿಸು ಅಂದೆ. ಅದಕ್ಕೆ ಹೋನ್ಡ್ ಅಂತಾರೆ, ನುಣುಪಿರುತ್ತದೆ ಆದರೆ ಕನ್ನಡಿಯಲ್ಲ. ಅವ್ವ ಒಂದು ಹೊತ್ತು ಮಾತು ಬಿಟ್ಟಳು.

ಅದಕ್ಕೆ ಪರಿಹಾರವಾಗಿ ಅಡಿಗೆಮನೆ ಪೂರ್ತಿ ಅವಳಿಗೆ ಬಿಟ್ಟುಕೊಟ್ಟೆ, ಮ್ಯಾಟ್ ಇರಬೇಕು ಅನ್ನುವ ಒಂದು ಶರತ್ತಿನ ಮೇಲೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ, ಹುಳಿ, ಎಣ್ಣೆ, ಅರಿಶಿನ ಏನು ಬಿದ್ದರೂ ಒರೆಸಿದರೆ ಆಯಿತು. ಕಲೆ ಹಿಡಿಯೋದು ಸಂದಿಗೆ, ಅದಕ್ಕೆ ಎಪಾಕ್ಸಿ ಗ್ರೌಟ್ ತುಂಬಿಸಿದೆವು. ದುಬಾರಿ, ಆದರೆ ಆ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ.

ಬಚ್ಚಲಿಗೆ ಒಂದಡಿ ಚೌಕದ ಮ್ಯಾಟ್ ಟೈಲ್ಸ್. ಟೈಲ್ಸ್ ಚಿಕ್ಕದಿದ್ದರೆ ಸಂದಿ ಜಾಸ್ತಿ, ಕಾಲಿಗೆ ಹಿಡಿತ ಜಾಸ್ತಿ, ಜಾಲಿ ಕಡೆಗೆ ಇಳಿಜಾರು ಕೊಡೋದೂ ಸುಲಭ. ಅಂಗಡಿಯವರು ‘ಆರ್10’, ‘ಆರ್11’ ಅಂತ ತೋರಿಸುತ್ತಾರೆ. ನಂಬರ್ ಹೆಚ್ಚಿದಷ್ಟು ಜಾರೋದು ಕಡಿಮೆ. ಆದರೆ ಆ ಪರೀಕ್ಷೆ ಮಾಡೋದು ಶೂ ಹಾಕಿಕೊಂಡು. ಬಚ್ಚಲಿಗೆ ಶೂ ಹಾಕ್ಕೊಂಡು ಯಾರು ಹೋಗ್ತಾರೆ? ಬರಿಗಾಲಿಗೆ ಎ, ಬಿ, ಸಿ ಅಂತ ಬೇರೆ ದರ್ಜೆ ಇದೆ, ನಾನು ಹೋದ ಅಂಗಡಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕೊನೆಗೆ ಸ್ಯಾಂಪಲ್ ಟೈಲ್ಸ್ ಮೇಲೆ ನೀರು, ಶಾಂಪೂ ಸುರಿದು ಚಪ್ಪಲಿ ಬಿಟ್ಟು ನಿಂತೆ. ಅಂಗಡಿ ಹುಡುಗರು ವಿಡಿಯೋ ಮಾಡಿಕೊಂಡಿರಬೇಕು. ಮಾಡಿಕೊಳ್ಳಲಿ, ನೀವೂ ಹಾಗೇ ನಿಂತು ನೋಡಿ. ಮೊದಲು ಬಚ್ಚಲಿಗೆ ಇಳಿಯಲು ಮೂರಿಂಚಿನ ಮೆಟ್ಟಿಲಿತ್ತು. ಅದನ್ನು ತೆಗೆಸಿ, ಬಾಗಿಲ ಬುಡದಲ್ಲಿ ಜಾಲಿ ಕೂರಿಸಿ, ಹಿಡಿಯಲು ಸ್ಟೀಲ್ ಕಂಬಿ ಹಾಕಿಸಿದೆ.

ಮಹಡಿಯ ನನ್ನ ಕೋಣೆಗೆ ಮರದ ಲ್ಯಾಮಿನೇಟ್ ಹಾಕಿಸುವ ಆಸೆ ಇತ್ತು. ಕಾಕಾ ಮೂಲೆಯಲ್ಲಿದ್ದ ಕೂಲರ್ ಕಡೆ ಕೈ ತೋರಿಸಿದರು. ಅದರ ಕೆಳಗೆ ಯಾವಾಗಲೂ ಒಂದು ಬಟ್ಟಲಷ್ಟು ನೀರು ಸೋರಿರುತ್ತದೆ. ಲ್ಯಾಮಿನೇಟ್‌ಗೆ ನೀರು ಕುಡಿದು ಉಬ್ಬುವ ಗುಣ. ಆ ಸಾಲನ್ನೂ ಅಳಿಸಿದೆ, ಸಾದಾ ಟೈಲ್ಸ್ ಬಂತು.

ಎಲ್ಲ ಸರಿಯಾಯಿತು ಅನ್ನುವಂತಿಲ್ಲ. ಅಡಿಗೆಮನೆಯ ಟೈಲ್ಸ್ ಕೂರಿಸಿದ ಮೇಲೆ ನೋಡಿದರೆ ಅದು ಪಡಸಾಲೆಗಿಂತ ಮುಕ್ಕಾಲಿಂಚು ಎತ್ತರ. ಹಳೇ ನೆಲದ ಮೇಲೇ ಟೈಲ್ಸ್ ಹಾಕಲು ನಾನೇ ಹೇಳಿದ್ದೆ, ಕೆತ್ತುವ ಖರ್ಚು ಉಳಿಯಲಿ ಅಂತ. ಅದೂ ಅಪ್ಪ ಬಿದ್ದ ಅದೇ ಬಾಗಿಲಲ್ಲಿ. ಪೂರ್ತಿ ಒಡೆಸಲು ದುಡ್ಡೂ ರಜೆಯೂ ಉಳಿದಿರಲಿಲ್ಲ. ಬಾಗಿಲ ಎರಡು ಸಾಲು ಮಾತ್ರ ಎಬ್ಬಿಸಿ, ಕಣ್ಣಿಗೆ ಕಾಣದಷ್ಟು ನಿಧಾನವಾದ ಇಳಿಜಾರು ಮಾಡಿದರು ಕಾಕಾ. ಬಾಗಿಲ ತಳ ಅರ್ಧ ಇಂಚು ಕೊಯ್ಯಬೇಕಾಯಿತು.

ಕೆಲಸ ಮುಗಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಅಪ್ಪ ನೀರು ಕುಡಿಯಲು ಎದ್ದ ಸದ್ದು. ಮಹಡಿ ಮೆಟ್ಟಿಲ ಮೇಲೆ ಲೈಟ್ ಹಾಕದೆ ಕೂತು ಕೇಳಿದೆ. ಎಡಗಾಲು ಊರಿದ ಸದ್ದು, ಬಲಗಾಲು ಸರ್ ಅಂತ ಎಳೆದ ಸದ್ದು, ಊರಿದ್ದು, ಎಳೆದದ್ದು. ಅಡಿಗೆಮನೆ ಬಾಗಿಲಲ್ಲಿ ಒಂದು ಕ್ಷಣ ನಿಂತಿತು. ಹಳೇ ಅಭ್ಯಾಸಕ್ಕೆ ಕಾಲೆತ್ತಿರಬೇಕು. ಆಮೇಲೆ ಮತ್ತೆ ಸರ್ ಅಂತ ಮುಂದೆ ಹೋಯಿತು, ತಂಬಿಗೆಯ ಸದ್ದು ಕೇಳಿಸಿತು.

ಮೊನ್ನೆ ಅವ್ವ ವಿಡಿಯೋ ಕಾಲ್ ಮಾಡಿದ್ದಳು. ಪಡಸಾಲೆಯ ಹೊಸ ಬಾರ್ಡರ್ ಕಲ್ಲಿನ ಮೇಲೆ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಇಟ್ಟು, ಅದರ ಬುಡದ ರಸ ಇಳಿದು, ಬಳೆಯ ಹಾಗೆ ದುಂಡಗೆ ಕಲೆಯಾಗಿದೆಯಂತೆ. “ನಿಮ್ಮಪ್ಪಗ ಹೇಳಬ್ಯಾಡ, ಮಣಿ ಮುಚ್ಚೀನಿ” ಅಂದಳು.