ಡ್ರೈಯರಿಗೆ ಹಾಕದ ಸೀರೆ

ಮುಂಬಯಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಭಾಗ್ಯ, ಖರೆ. ಹಾಗಂತ ಕಂಡದ್ದನ್ನೆಲ್ಲ ಹಾಸ್ಟೆಲಿನ ಡ್ರೈಯರಿಗೆ ತುರುಕುವುದೇ? ಉಣ್ಣೆಯ ಎಳೆಗೆ ಮೀನಿನ ಮೈಯಂಥ ಹುರುಪೆ. ಬಿಸಿ, ತೇವ, ಉರುಳಾಟದಲ್ಲಿ ಒಂದಕ್ಕೊಂದು ಸಿಕ್ಕಿ ಸ್ವೆಟರು ಕೂಸಿನ ಅಂಗಿಯಾಗುತ್ತದೆ. ಇಲಾಸ್ಟಿಕ್ ಸಡಿಲಾಗುತ್ತದೆ, ಹೋಗಲಿ. ಎಣ್ಣೆ ಒರೆಸಿದ ಅರಿವೆ ಮಾತ್ರ ಬೇಡವೇ ಬೇಡ. ತೊಳೆದರೂ ಉಳಿದ ಜಿಡ್ಡು ಕಾದು ತಾನಾಗಿಯೇ ಹೊತ್ತಿಕೊಂಡೀತು.

ನನ್ನ ತಕರಾರು ಇಳಕಲ್ ಸೀರೆಯದು. ಇಲ್ಲಿಗೆ ಹೊರಟಾಗ ಅವ್ವ ಹೊದೆಯಲಿಕ್ಕೆ ಕೊಟ್ಟದ್ದು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದಕ್ಕೆ ತೋಪು ತೆನಿ ಅಂತಾರೆ. ಬಿಸಿಗೆ ಹತ್ತಿಯದೊಂದು ಕುಗ್ಗು, ರೇಷ್ಮೆಯದೊಂದು. ಜಗ್ಗಾಟವೆಲ್ಲ ಆ ಕೊಂಡಿಗೇ.

"ಅರ್ಧ ತಾಸಿನ ಕೆಲಸ, ಹಾಕೇ" ಅಂತಾಳೆ ಗೆಳತಿ. ಫ್ಯಾನಿನ ಕೆಳಗೆ ಎರಡು ದಿನ ಹಿಡಿಯುತ್ತದೆ. ಹಿಡಿಯಲಿ. ಎರಡು ರಾತ್ರಿಗೆ ಚಾದರ ಇದೆಯಲ್ಲ.