ಎರಡನೆಯ ಚಮಚೆ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲವೆಂದು ಹಿರಿಯರು ಗಾದೆ ಕಟ್ಟಿದರು. ನೆಗಡಿಗೆ ದೊರೆತ ಈ ಮನ್ನಣೆ ಅದರ ತಮ್ಮನಾದ ಕೆಮ್ಮಿಗೆ ದೊರೆಯಲಿಲ್ಲ. ಪಾಪ, ಹಗಲೆಲ್ಲ ಅದು ಮನೆಯ ಗದ್ದಲದಲ್ಲಿ ಅಡಗಿದ್ದು, ದೀಪ ಆರಿದ ಮೇಲೆಯೇ ತನ್ನ ಇರವನ್ನು ಸಾರುತ್ತದೆ. ಮಲಗಿದೊಡನೆ ಮೂಗಿನ ಹಿಂಬದಿಯ ನೀರು ಗಂಟಲಿಗೆ ಇಳಿಯುತ್ತದೆ, ಜಠರದ ಹುಳಿ ಮೇಲಕ್ಕೇರುತ್ತದೆ, ಉಬ್ಬಸವಿರುವವರ ಶ್ವಾಸನಾಳಗಳು ಸರಿರಾತ್ರಿಯ ಮೇಲೆ ಇನ್ನಷ್ಟು ಬಿಗಿಯುತ್ತವೆ. ಕೆಮ್ಮು ಇರುಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣಗಳು ಇವೇ ಹೊರತು, ಅದಕ್ಕೆ ಮನೆಯವರ ನಿದ್ರೆಯ ಮೇಲೆ ಹಗೆಯೇನೂ ಇಲ್ಲ.

ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ಮಳೆಗಾಲದ ಇರುಳುಗಳನ್ನು ಕಳೆದವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಧಾರವಾಡದ ಕಡೆಯದು, ಬೆಳಗಾವಿಯ ಕಡೆಯದು, ಗೋವೆಯ ಕಡೆಯದು ಎಂಬ ಮೂರು ರೈಲುಹಾದಿಗಳು ಕೂಡುವ ಊರು ಅದು. ಸುತ್ತ ಕಾಡು, ಮೇಲೆ ಬಿಡದೆ ಸುರಿಯುವ ಆಕಾಶ, ಒಣಗದ ಬಟ್ಟೆ, ಬೂಸು ಹಿಡಿದ ಗೋಡೆ. ಕನ್ನಡದವರಿಗೆ ಅದು ಕೆಮ್ಮು, ಮರಾಠಿಯವರಿಗೆ ಖೋಕಲಾ, ಕೊಂಕಣಿಯವರಿಗೆ ಖೊಂಕ್ಲಿ. ಹೆಂಚಿನ ಮಾಡಿನ ಕೆಳಗೆ, ಪಕ್ಕದ ಮನೆಯಿಂದ ಗೋಡೆ ದಾಟಿ ಬರುವಾಗ ಮಾತ್ರ ಮೂರಕ್ಕೂ ಭಾಷಾಭೇದವೂ ಇಲ್ಲ, ಗಡಿಯ ತಂಟೆಯೂ ಇಲ್ಲ.

ಅಂಥದೊಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಒಳಕೋಣೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರು ಕೆಮ್ಮುತ್ತಿದ್ದಾರೆ. ನಡುಮನೆಯಲ್ಲಿ ಮಗ ಹೊರಳುತ್ತಾನೆ. ಬೆಳಗಿನ ಜಾವಕ್ಕೆ ಅವನಿಗೆ ಕೆಲಸವಿದೆ. ಸೊಸೆ ಎದ್ದು ಕಪಾಟು ತೆರೆಯುತ್ತಾಳೆ. ಕಳೆದ ವರ್ಷ ಗಂಡನಿಗೆಂದು ಬೆಳಗಾವಿಯ ವೈದ್ಯರು ಬರೆದುಕೊಟ್ಟ ಔಷಧ ಅರ್ಧ ಶೀಶೆ ಅಲ್ಲಿದೆ. ಒಂದು ಚಮಚೆ ಕುಡಿಸುತ್ತಾಳೆ. ಅರ್ಧ ಗಂಟೆ ಕಳೆದರೂ ಕೆಮ್ಮು ನಿಲ್ಲದು. “ಇನ್ನೊಂದು ಚಮಚಾ ಕುಡಿದುಬಿಡ್ರಿ ಮಾವಾರ, ನಿದ್ದಿ ಹತ್ತತೈತಿ” ಎನ್ನುತ್ತಾಳೆ. ಅವಳ ಅಂತಃಕರಣದಲ್ಲಿ ಸಂದೇಹವಿಲ್ಲ. ಆದರೆ ಈ ಎರಡನೆಯ ಚಮಚೆ ಯಾರ ಸಲುವಾಗಿ? ಕೆಮ್ಮುವವರ ಸಂಕಟಕ್ಕೆಂದು ತಂದ ಔಷಧ, ಕೇಳುವವರ ಸಂಕಟಕ್ಕೆ ಬಳಕೆಯಾಗುವುದು ಹೀಗೆ. ಅಪಾಯವಿರುವುದೂ ಇಲ್ಲಿಯೇ.

ಶೀಶೆಯೊಳಗಿನ ಸಿಹಿಯೇ ಮೊದಲ ಮೋಸ. ಸಿಹಿಯಾದದ್ದು ಘಾತಕವಾಗಲಾರದೆಂದು ನಾಲಗೆ ನಂಬುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಇಂಥ ಔಷಧಗಳಲ್ಲಿ ಕೆಲವು ಕೊಡೀನ್ ಎಂಬ ದ್ರವ್ಯವುಳ್ಳವು. 1832ರಲ್ಲಿ ಫ್ರಾನ್ಸಿನ ರೋಬಿಕೆ ಎಂಬ ವಿಜ್ಞಾನಿ ಅಫೀಮಿನಿಂದ ಬೇರ್ಪಡಿಸಿದ ವಸ್ತು ಇದು. ಮೆದುಳಿನಲ್ಲಿ ಕೆಮ್ಮನ್ನು ಪ್ರೇರಿಸುವ ಕೇಂದ್ರವನ್ನು ಇದು ಮಂಕುಗೊಳಿಸುತ್ತದೆ. ಉಸಿರಾಟದ ಕೇಂದ್ರವೂ ಅದರ ನೆರೆಯಲ್ಲಿಯೇ ಇದೆ; ಪ್ರಮಾಣ ಮೀರಿದರೆ ಅದೂ ಮಂಕಾಗುತ್ತದೆ. ಯಕೃತ್ತು ಇದರ ಒಂದಂಶವನ್ನು ಮಾರ್ಫೀನ್ ಆಗಿ ಮಾರ್ಪಡಿಸುತ್ತದೆ. ಕೆಲವರ ದೇಹದಲ್ಲಿ ಈ ಮಾರ್ಪಾಟು ಬಹು ವೇಗವಾಗಿ ನಡೆಯುವುದರಿಂದ, ಮಗನಿಗೆ ಒಗ್ಗಿದ ಅಳತೆ ತಂದೆಗೆ ಒಗ್ಗೀತೆಂಬ ಭರವಸೆಯಿಲ್ಲ. ಭಾರತದಲ್ಲಿ 2014ರಿಂದ ಕೊಡೀನ್ ಎಚ್-1 ಅನುಸೂಚಿಗೆ ಸೇರಿದೆ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಸರಕಾರ ಇಷ್ಟು ಲೆಕ್ಕವಿಡುವ ವಸ್ತುವನ್ನು ಮನೆಯ ಕಪಾಟು ಯಾವ ಲೆಕ್ಕವೂ ಇಲ್ಲದೆ ಹಂಚುತ್ತದೆ!

ಚಮಚೆಯದೂ ಒಂದು ಕಥೆ. ವೈದ್ಯರ ಚಮಚೆಯೆಂದರೆ 5 ಮಿಲಿಲೀಟರು. ಅಡುಗೆಮನೆಯ ಚಮಚೆಗಳಿಗೆ ಇಂಥ ಶಿಸ್ತಿಲ್ಲ. ಉಪ್ಪಿನಕಾಯಿಯದು ಒಂದು, ಸಾರಿನದು ಇನ್ನೊಂದು. ಶೀಶೆಯ ಜತೆಗೆ ಬರುವ ಗೆರೆಯ ಬಟ್ಟಲನ್ನು ದೀಪ ಹಚ್ಚಿ, ಸಮತಟ್ಟಾದೆಡೆ ಇಟ್ಟು ನೋಡಿಯೇ ಅಳೆಯಬೇಕು. ಅದೇ ಹೊತ್ತಿನಲ್ಲಿ ನೆಗಡಿಯ ಮಾತ್ರೆಯನ್ನೂ ನುಂಗಿದ್ದರೆ, ತೂಕಡಿಕೆ ತರುವ ಒಂದೇ ದ್ರವ್ಯ ಎರಡು ದಾರಿಯಿಂದ ಹೊಟ್ಟೆ ಸೇರುವುದುಂಟು. ನಿದ್ರೆಯ ಮಾತ್ರೆಯೊಂದಿಗಾಗಲಿ, ಮದ್ಯದೊಂದಿಗಾಗಲಿ ಇದನ್ನು ಬೆರೆಸುವುದು ಉಸಿರಿನೊಡನೆ ಆಡುವ ಆಟ. ಮುದುಕರಿಗೆ ಮಲಬದ್ಧತೆ, ಮೂತ್ರ ಕಟ್ಟುವುದು, ನಡುರಾತ್ರಿ ಬಚ್ಚಲಿಗೆ ಹೊರಟಾಗ ತಲೆ ತಿರುಗಿ ಬೀಳುವುದು, ಇವು ಉಪರಿ ಲಾಭಗಳು.

ತೂಕಡಿಕೆ ಬೆಳಗಿನ ತನಕವೂ ಉಳಿಯಬಹುದೆಂಬುದು ಲೋಂಡಾದಂಥ ಊರಿಗೆ ಸಣ್ಣ ಮಾತಲ್ಲ. ಇಲ್ಲಿಂದ ಪಶ್ಚಿಮಕ್ಕೆ ಕ್ಯಾಸಲ್‌ರಾಕ್ ದಾಟಿದರೆ ದೂಧಸಾಗರದ ಘಟ್ಟ. 37 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವ ಹಾದಿ ಅದು. ಆ ಇಳಿಜಾರಿನಲ್ಲಿ ಬಂಡಿಯನ್ನು ಹಿಡಿದು ನಡೆಸುವವರು, ನಿಲ್ದಾಣದಲ್ಲಿ ಸಂಕೇತ ನೋಡಿಕೊಳ್ಳುವವರು, ಘಟ್ಟದ ರಸ್ತೆಯಲ್ಲಿ ಲಾರಿ ಓಡಿಸುವವರು ಕೆಮ್ಮಿಗೆ ಮದ್ದು ಕೇಳುವಾಗ ತಮ್ಮ ಕೆಲಸವೇನೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ರೋಗದ ವಿವರವನ್ನು ಅರ್ಧ ಗಂಟೆ ಹೇಳುವವರೂ ಇದನ್ನು ಮಾತ್ರ ಮರೆಯುತ್ತಾರೆ.

ಇನ್ನು ಒಳಕೋಣೆಯ ಹಿರಿಯರ ವಿಚಾರ. ಅವರ ಒಣಕೆಮ್ಮಿಗೆ ಮಳೆಯೇ ಕಾರಣವಾಗಿರಬೇಕೆಂದೇನೂ ಇಲ್ಲ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳೇ ಕೆಲವರಲ್ಲಿ ಇಂಥ ಕೆಮ್ಮನ್ನು ಎಬ್ಬಿಸುತ್ತವೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ತಪ್ಪು; ವೈದ್ಯರು ಬದಲಿಸಿಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ಅಡಗುತ್ತದೆ. ಮಲಗಿದರೆ ಏದುಸಿರು, ಎದ್ದು ಕುಳಿತರೆ ನೆಮ್ಮದಿ ಎಂದಾದರೆ ಹೃದಯದ ದೌರ್ಬಲ್ಯವನ್ನು ಶಂಕಿಸಬೇಕು. 2 ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು. ಕ್ಷಯವಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಕಫ ತುಂಬಿದ ಎದೆಯಿಂದ ಬರುವ ಕೆಮ್ಮಂತೂ ಮನೆಯ ಕಸ ಗುಡಿಸುವ ಆಳು. ಅವನ ಕೈ ಕಟ್ಟಿಹಾಕಿದರೆ ಕಸ ಒಳಗೇ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಈ ಶೀಶೆಗಳು ಬಹು ಕಹಿಯಾದ ಇತಿಹಾಸವನ್ನು ಹೊತ್ತಿವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯಲ್ಲಿ ಕೆಮ್ಮಿನ ಔಷಧ ಕುಡಿದ ಇಪ್ಪತ್ತಕ್ಕೂ ಹೆಚ್ಚು ಎಳೆಯರು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಔಷಧದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ವೈದ್ಯರ ಚೀಟಿಯೂ, ತಾಯಿಯ ಎಚ್ಚರವೂ ಅಂಥ ಕಲಬೆರಕೆಯನ್ನು ಕಾಣಲಾರವು. ಅದನ್ನು ತಡೆಯುವ ಹೊಣೆ ತಯಾರಿಸುವವರದು, ಪರೀಕ್ಷಿಸುವವರದು. ಆದರೆ ಬೇಡದ ಔಷಧವನ್ನು ಕುಡಿಸದಿರುವುದು ಮನೆಯ ಕೈಯಲ್ಲಿದೆ. 2 ವರ್ಷದೊಳಗಿನ ಮಕ್ಕಳಿಗೆ ನೆಗಡಿ ಕೆಮ್ಮುಗಳ ಔಷಧ ಕೊಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ಇಲಾಖೆ ಅದೇ ಅಕ್ಟೋಬರಿನಲ್ಲಿ ತಿಳಿಸಿತು. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಸ್ವಲ್ಪ ಜೇನುತುಪ್ಪ ನೆಕ್ಕಿಸಬಹುದು. ಅದಕ್ಕಿಂತ ಚಿಕ್ಕದಕ್ಕೆ ಜೇನೂ ಕೂಡದು. ಕೆಮ್ಮಿನೊಡನೆ ಮಗು ಬೇಗ ಬೇಗ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೇದುತ್ತಿದ್ದರೆ, ಕಪಾಟಿನ ಶೀಶೆಯನ್ನು ಮುಟ್ಟದೆ 108ಕ್ಕೆ ಕರೆ ಮಾಡಿ, ಮಳೆಯಿದ್ದರೂ ಸರಿಯೇ, ಆ ರಾತ್ರಿಯೇ ಖಾನಾಪುರಕ್ಕೋ ಬೆಳಗಾವಿಗೋ ಹೊರಡಬೇಕು.