ಅರ ಹಿಡಿದು ಕೂರುವ ಹೊತ್ತು

ಮರವಂತೆಯಲ್ಲಿ ಮರ ಕೊಯ್ಯುವವರಿಗೆ ಇರುವ ಹೊಯ್ಗೆಯ ಕಾಟ ಘಟ್ಟದ ಮೇಲಿನವರಿಗೆ ಇರಲಾರದು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಊರ ದೇವರು ಮಾರಸ್ವಾಮಿಯ ಕರ್ಕಾಟಕ ಅಮಾವಾಸ್ಯೆ ಜಾತ್ರೆಯ ಆಸುಪಾಸಿನ ಗಾಳಿಮಳೆಗೆ ಗಾಳಿಮರವೋ ತೆಂಗೋ ರಸ್ತೆಗೆ ಅಡ್ಡ ಬಿದ್ದರೆ ಬೇಗ ತುಂಡು ಮಾಡಿ ಸರಿಸಲೇಬೇಕು. ಆದರೆ ತೊಗಟೆಯ ಬಿರುಕಿನ ತುಂಬ ಗಾಳಿ ತಂದು ಸೇರಿಸಿದ ಹೊಯ್ಗೆ. "ಹ್ವಾಯ್, ಹೊಯ್ಗಿ ತಾಗ್ರೆ ಹಲ್ಲ್ ಹೋಯ್ತ್" ಎನ್ನುತ್ತಾರೆ ಚೈನ್ ಗರಗಸದ ಮಿಷನ್ನಿನವರು. ಅಡಿಭಾಗ ಕೊಯ್ಯುವಾಗ ಓಡುವ ಚೈನು ಒಮ್ಮೆ ನೆಲ ಮುಟ್ಟಿದರೂ ಬೆಳಿಗ್ಗೆ ಮಾಡಿದ ಹರಿತ ಮುಗಿಯಿತು. ತೆಂಗಿನದು ಬೇರೆಯೇ ತೊಂದರೆ: ಹಳೆಯ ಮರದ ಹೊರಸುತ್ತು ಬಲು ಗಟ್ಟಿ, ಒಳಗೆ ಸಿಲಿಕಾ ಬೇರೆ.

ಹಲ್ಲು ಮೊಂಡಾಯಿತೇ ಎಂದು ತಿಳಿಯಲು ಕೆಳಗೆ ಬೀಳುವುದನ್ನು ನೋಡಿದರೆ ಸಾಕು. ಹರಿತವಿದ್ದರೆ ಚಕ್ಕೆ, ಮೊಂಡಾದರೆ ನುಣ್ಣನೆಯ ಹುಡಿ. ಹುಡಿ ಕಂಡೊಡನೆ ಮಿಷನ್ ಆರಿಸಿ ಅರ ಕೈಗೆತ್ತಿಕೊಳ್ಳುವವನೇ ನನ್ನ ಲೆಕ್ಕದಲ್ಲಿ ಕಸುಬುದಾರ. ಒತ್ತಿ ಒತ್ತಿ ಕೊಯ್ಯುವವನು ಚೈನು ಓಡುವ ಬಾರನ್ನೂ ಕಾಯಿಸುತ್ತಾನೆ, ಸೊಂಟವನ್ನೂ ಕೆಡಿಸಿಕೊಳ್ಳುತ್ತಾನೆ.

ಈ ಹಲ್ಲಿನ ಆಕಾರ ಕಲಿಸಿದ್ದು ಒಂದು ಹುಳ. ಮೊದಲಿನ ಚೈನುಗಳಿಗೆ ಕೈಗರಗಸದಂಥ ಹಲ್ಲುಗಳಿದ್ದವು. ಪದೇ ಪದೇ ಅರ ಹಾಕಬೇಕಿತ್ತು. 1946ರಲ್ಲಿ ಅಮೆರಿಕದ ಒರೆಗಾನಿನ ಜೋಸೆಫ್ ಕಾಕ್ಸ್ ಕಟ್ಟಿಗೆ ಒಡೆಯುವಾಗ, ಮರ ಕೊರೆಯುವ ದುಂಬಿಯ ಮರಿ ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತ ಸಲೀಸಾಗಿ ದಾರಿ ಮಾಡಿಕೊಳ್ಳುವುದನ್ನು ಕಂಡ. ಮರುವರ್ಷವೇ ಅದೇ ರೀತಿಯ ಬಾಗಿದ ಹಲ್ಲಿನ ಚೈನು ಮಾರಾಟಕ್ಕೆ ಬಂತು. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಇಂದಿಗೂ ಮೂಲ ಅದೇ. ಹುಳವನ್ನು ಹೊಸಕಿ ಹಾಕದೆ ನೋಡುತ್ತ ನಿಂತ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಬಾಗಿದ ಹಲ್ಲಿಗೆ ದುಂಡನೆಯ ಅರವೇ ಬೇಕು. ಚೈನಿನ ಅಳತೆ ನೋಡಿ 4 ಮಿಲಿಮೀಟರಿನದೋ 4.8ರದೋ. ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ತರುವಾಗ ಎತ್ತಿಬಿಡಬೇಕು. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿ. ಎಲ್ಲ ಹಲ್ಲೂ ಸಮವಾಗಬೇಕು, ಇಲ್ಲದಿದ್ದರೆ ಕೊಯ್ತ ಓರೆಗೆ ಹೋಗುತ್ತದೆ. ಹಲ್ಲಿನ ಮುಂದಿನ ಗಿಡ್ಡ ಗುಬಟನ್ನು ಹೆಚ್ಚಿನವರು ಮರೆಯುತ್ತಾರೆ. ಹಲ್ಲು ಸವೆದ ಹಾಗೆ ಅದನ್ನೂ ಚಪ್ಪಟೆ ಅರದಿಂದ ಇಳಿಸಬೇಕು. ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿದ್ದರೆ ಸರಿ. ಅತಿಯಾಗಿ ಇಳಿಸಿದರೆ ಮಿಷನ್ ಮರವನ್ನು ಕಚ್ಚಿ ಕೊಯ್ಯುವವನತ್ತ ಒದೆಯುತ್ತದೆ. ಜೀವಕ್ಕೇ ಅಪಾಯ.

ಕಡಲ ಗಾಳಿಯ ಉಪ್ಪಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ಸಂಜೆ ಬಾರಿನ ತೋಡಿನಲ್ಲಿ ಕೂತ ಹುಡಿ ಕೆರೆದು ತೆಗೆದು, ಎಣ್ಣೆ ಸವರಿ, ಬಾರನ್ನು ಆಗಾಗ ಮಗುಚಿ ಹಾಕಿದರೆ ಎರಡಕ್ಕೂ ಆಯುಷ್ಯ. ಗ್ಯಾರೇಜಿನ ಸುಟ್ಟ ಎಣ್ಣೆ ಮಾತ್ರ ಬೇಡ. ಚೈನಿಗೆ ಹಾಕಿದ ಎಣ್ಣೆಯೆಲ್ಲ ನೆಲಕ್ಕೇ ಚಿಮ್ಮುವುದು. ಇಲ್ಲಿ ಆ ನೆಲದ ಪಕ್ಕದಲ್ಲೇ ಹೊಳೆಯಿದೆ. ಮಳೆಗಾಲದಲ್ಲಿ ಅರ ಹಾಕಿದ ಇನ್ನೊಂದು ಚೈನು ಸದಾ ಜೊತೆಗಿರಲಿ. ನಡುರಾತ್ರಿ ಮರ ಬಿದ್ದು ಹೆದ್ದಾರಿಯಲ್ಲಿ ಆಂಬುಲೆನ್ಸ್ ನಿಂತಿದ್ದರೆ ಟಾರ್ಚಿನ ಬೆಳಕಿನಲ್ಲಿ ಹಲ್ಲು ಮಸೆಯುತ್ತ ಕೂರಲಾಗುವುದಿಲ್ಲ.